12 ತುಂಡಿನ ಸೈನ್ಯ: ಕೈಗೆಟುಕುವ ವಾರ್‌ಗೇಮಿಂಗ್

ಯೂಟ್ಯೂಬ್‌ನಲ್ಲಿ ವಾರ್‌ಹ್ಯಾಮರ್ ವಿಡಿಯೋ ನೋಡಿ, ಆಮೇಲೆ ಒಂದು ಬಾಕ್ಸ್‌ನ ಬೆಲೆ ನೋಡಿ ಟ್ಯಾಬ್ ಮುಚ್ಚಿದವರು ನಮ್ಮಲ್ಲಿ ಕಡಿಮೆ ಇಲ್ಲ. ಮೇಜಿನ ಮೇಲೆ ಪುಟ್ಟ ಸೈನಿಕರನ್ನು ನಿಲ್ಲಿಸಿ, ದೂರ ಅಳೆದು, ದಾಳ ಹಾಕಿ ಯುದ್ಧ ಆಡೋ ಈ ಹವ್ಯಾಸ ದುಡ್ಡಿದ್ದವರಿಗೆ ಮಾತ್ರ ಅಂತ ಅನ್ನಿಸೋದು ಸಹಜ. ಆದ್ರೆ ಖರ್ಚು ಎಷ್ಟಾಗುತ್ತೆ ಅನ್ನೋದು ಅಂಗಡಿಗಿಂತ ಮೊದಲು, ನೀವು ಆರಿಸೋ ನಿಯಮಪುಸ್ತಕದಲ್ಲೇ ತೀರ್ಮಾನವಾಗಿರುತ್ತೆ.

ವಾರ್‌ಹ್ಯಾಮರ್‌ನ ಕಥೆ, ಪಾತ್ರ, ಗೊಂಬೆ ಎಲ್ಲವೂ ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಕಂಪನಿಯದು. ಇತಿಹಾಸದ ಆಟಗಳಲ್ಲಿ ಆ ತೊಂದರೆ ಇಲ್ಲ. ಮೌರ್ಯರ ಬಿಲ್ಲುಗಾರನ ಮೇಲೆ ಯಾರಿಗೂ ಕಾಪಿರೈಟ್ ಇಲ್ಲವಲ್ಲ! ಯಾರು ಮಾಡಿದ ಗೊಂಬೆಯಾದ್ರೂ ನಡೆಯುತ್ತೆ.

ಹೊಸಬರಿಗೆ ನಾನು ಹೇಳೋದು ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್, ಚಿಕ್ಕದಾಗಿ ಡಿಬಿಎ. 1990ರಲ್ಲಿ ಬ್ರಿಟನ್ನಿನಲ್ಲಿ ಬಂದ ಆಟ. ಇದರಲ್ಲಿ ಒಂದು ಸೈನ್ಯ ಅಂದ್ರೆ 12 ತುಂಡು, ಅಷ್ಟೇ. 40 ಮಿ.ಮೀ. ಅಗಲದ ಒಂದೊಂದು ತುಂಡಿನ ಮೇಲೆ ಎರಡರಿಂದ ನಾಲ್ಕು ಕಾಲಾಳು, ಇಲ್ಲವೇ ಒಂದು ಆನೆ. ಎರಡಡಿ ಚೌಕದ ಜಾಗ ಸಾಕು. ಪ್ರತಿ ಸರದಿಗೆ ಒಂದು ದಾಳ ಹಾಕ್ತೀರಿ. ಎಷ್ಟು ಬಿತ್ತೋ ಅಷ್ಟೇ ಚಲನೆ. 1 ಬಿದ್ರೆ ಸೇನಾಪತಿಯ ಮಾತನ್ನು ಅರ್ಧ ಸೈನ್ಯ ಕೇಳೋದೇ ಇಲ್ಲ.

ಹೊಡೆದಾಟದ ಲೆಕ್ಕ ಇಂಜಿನಿಯರಿಂಗ್ ಹುಡುಗ್ರಿಗೆ ಹೇಳಿ ಮಾಡಿಸಿದ ಹಾಗಿದೆ. ಇಬ್ಬರೂ ದಾಳ ಹಾಕಿ ತಮ್ಮ ತುಂಡಿನ ಬಲ ಕೂಡಿಸ್ತಾರೆ. ಕಡಿಮೆ ಬಂದವರು ಸಾಮಾನ್ಯವಾಗಿ ಹಿಂದೆ ಸರೀತಾರೆ. ಎದುರಾಳಿಯ ಅರ್ಧ ಅಥವಾ ಅದಕ್ಕಿಂತ ಕಡಿಮೆ ಬಂದ್ರೆ ತುಂಡು ನಾಶ. ಎರಡೂ ಕಡೆ ಬಲ 2 ಇರೋ ಬಿಲ್ಲುಗಾರರು ಅಂದ್ಕೊಳ್ಳಿ. ನೀವು ಎದುರಿನವರನ್ನು ನಾಶ ಮಾಡೋ ಸಂಭವ 36ರಲ್ಲಿ 4, ಅಂದ್ರೆ ಶೇ. 11. ನಿಮ್ಮ ಬೇರೆ ತುಂಡುಗಳು ಅವರ ಎರಡೂ ಪಕ್ಕ ಬಂದು ನಿಂತ್ರೆ ಅವರ ಬಲ 0 ಆಗುತ್ತೆ. ಆಗ ಸಂಭವ 36ರಲ್ಲಿ 15, ಹತ್ತಿರ ಹತ್ತಿರ ಶೇ. 42. ದುಬಾರಿ ಗೊಂಬೆ ಇದರಲ್ಲಿ ಎಲ್ಲಿದೆ ಹೇಳಿ? ಇರೋದು ಜಾಗ ಹಿಡಿಯೋ ಬುದ್ಧಿ.

ಹಾಗಾಗಿ ಮೊದಲು ಗೊಂಬೆ ತಗೋಬೇಡಿ. ಹಳೇ ರಟ್ಟಿನ ಡಬ್ಬ ಕತ್ತರಿಸಿ, ಮೇಲೆ ‘ಆನೆ’, ‘ಬಿಲ್ಲು’, ‘ರಥ’ ಅಂತ ಬರೆದು ಹತ್ತು ಆಟ ಆಡಿ. ಎರಡೂ ಸೈನ್ಯ ನೀವೇ ಮಾಡಿಟ್ಕೊಳ್ಳಿ. ರೂಮ್‌ಮೇಟ್ ಖರ್ಚು ಮಾಡ್ಲಿ ಅಂತ ಕಾದ್ರೆ ಡಿಗ್ರಿ ಮುಗಿಯುತ್ತೆ. ಹತ್ತು ಆಟದ ನಂತರವೂ ಆಸೆ ಉಳಿದಿದ್ರೆ ಆಗ ಖರೀದಿ.

ಅಗ್ಗದ ದಾರಿ 1:72 ಅಳತೆಯ ಪ್ಲಾಸ್ಟಿಕ್ ಸೈನಿಕರು. ಒಂದು ಪೆಟ್ಟಿಗೆಯಲ್ಲೇ ಹಲವು ಡಜನ್ ಇರ್ತಾರೆ. ಈ ಅಳತೆಗೆ ನಿಯಮದ ಪ್ರಕಾರ ತುಂಡು ಇನ್ನೂ ಅಗಲ ಬೇಕು. ಆದ್ರೆ ಇಬ್ಬರೂ ಒಪ್ಪಿದ್ರೆ 40 ಮಿ.ಮೀ. ಮೇಲೆ ಇಬ್ಬಿಬ್ಬರನ್ನೇ ನಿಲ್ಲಿಸಿ, ಖರ್ಚೂ ಅರ್ಧ. ಆ ಮೆತ್ತನೆ ಪ್ಲಾಸ್ಟಿಕ್ ಮೇಲೆ ಬಣ್ಣ ನಿಲ್ಲಲ್ಲ. ಮೊದಲು ಪಾತ್ರೆ ತೊಳೆಯೋ ಸೋಪಿನಿಂದ ತೊಳೆದು, ಒಣಗಿಸಿ, ಪ್ರೈಮರ್ ಹೊಡೀರಿ. ಬಣ್ಣಕ್ಕೆ ಸ್ಟೇಷನರಿ ಅಂಗಡಿಯ ಅಕ್ರಿಲಿಕ್ ಸಾಕು. ನೀರು ಬೆರೆಸಿ ತೆಳುವಾಗಿ ಎರಡು ಸಲ ಹಚ್ಚಿ, ಕೊನೆಗೆ ನೀರು ನೀರಾದ ಕಂದು ಬಣ್ಣ ಸವರಿದ್ರೆ ಮಡಿಕೆಗಳಲ್ಲಿ ನೆರಳು ತಾನಾಗೇ ಕೂರುತ್ತೆ. ಐದು ಕೆಟ್ಟ ಬ್ರಶ್‌ಗಿಂತ ತುದಿ ಚೂಪಾದ ಒಂದೇ ಬ್ರಶ್ ಮೇಲು.

ಲ್ಯಾಬಿನಲ್ಲಿ ಫಿಲಮೆಂಟ್ 3ಡಿ ಪ್ರಿಂಟರ್ ಇದ್ರೆ, ಅನುಮತಿ ತಗೊಂಡು ತುಂಡಿನ ತಳ, ಗುಡ್ಡ, ಕೋಟೆಗೋಡೆ ಮಾಡ್ಕೊಳ್ಳಿ. ಇಷ್ಟು ಚಿಕ್ಕ ಸೈನಿಕನ ಈಟಿ ಅದರಲ್ಲಿ ಉಳಿಯೋದು ಕಷ್ಟ. ರೆಸಿನ್ ಪ್ರಿಂಟರ್ ಚೆನ್ನಾಗಿ ಮಾಡುತ್ತೆ ನಿಜ, ಆದ್ರೆ ಹಸಿ ರೆಸಿನ್ ಚರ್ಮಕ್ಕೆ ಒಳ್ಳೇದಲ್ಲ, ಹಾಸ್ಟೆಲ್ ರೂಮಿಗಂತೂ ಬೇಡವೇ ಬೇಡ.

ರಣರಂಗಕ್ಕೆ ಹಸಿರು ಬೆಡ್‌ಶೀಟ್, ಅದರಡಿ ಎರಡು ಎಂ-3 ಪುಸ್ತಕ. ಗುಡ್ಡ ರೆಡಿ.