‘ಸರ್ವರ್ ಇಲ್ಲ, ನಾಳೆ ಬನ್ನಿ’: ಕಾವೇರಿ 2.0 ನಮಗೆ ಕಲಿಸುವ ಪಾಠ

“ಸರ್ವರ್ ಇಲ್ಲ, ನಾಳೆ ಬನ್ನಿ.” ಈ ಮಾತು ಕೇಳದವರು ನಮ್ಮ ಊರಲ್ಲಿ ಯಾರೂ ಇರಲಿಕ್ಕಿಲ್ಲ. ಆ ಕಡೆ ನಿಂತ ರೈತನಿಗೆ ಅದು ಒಂದು ದಿನದ ಕೂಲಿ, ಬಸ್ ಚಾರ್ಜು, ಇನ್ನೊಂದು ದಿನದ ಅಲೆದಾಟ. ನಮಗೆ, ಅಂದರೆ ನಾಳೆ ಇಂಥ ಸರ್ವರ್‌ಗಳನ್ನು ನೋಡಿಕೊಳ್ಳಬೇಕಾದವರಿಗೆ, ಅದು ಒಂದು ಪ್ರಶ್ನೆ: ಸರ್ವರ್ ಯಾಕೆ ಮಲಗುತ್ತೆ? “ಲೋಡ್ ಜಾಸ್ತಿ ಆಯ್ತು” ಅನ್ನೋದು ಉತ್ತರವಲ್ಲ. ಎಷ್ಟು ಲೋಡು, ಯಾವ ಥರದ ಲೋಡು, ಎಲ್ಲಿಂದ ಬಂತು ಅಂತ ಹೇಳಿದರೆ ಮಾತ್ರ ಉತ್ತರ. ಈ ಸಲದ ಪಾಠಕ್ಕೆ ನಮ್ಮ ರಾಜ್ಯದ್ದೇ ಒಂದು ಘಟನೆ, ಜೊತೆಗೆ ನಾನೇ ಮಾಡಿದ ಒಂದು ತಪ್ಪು ತಗೊಂಡಿದ್ದೇನೆ.

ಏನಾಗಿತ್ತು?

ಮುದ್ರಾಂಕ ಮತ್ತು ನೋಂದಣಿ ಇಲಾಖೆಯ ‘ಕಾವೇರಿ 2.0’ ತಂತ್ರಾಂಶ ನಿಮಗೆ ಗೊತ್ತೇ ಇದೆ. ಆಸ್ತಿ ನೋಂದಣಿ, ಮದುವೆ ನೋಂದಣಿ, ಇ.ಸಿ. ಅಂದರೆ ಋಣಭಾರ ಪ್ರಮಾಣಪತ್ರ, ಎಲ್ಲಾ ಅದರಲ್ಲೇ. 2024ರ ಡಿಸೆಂಬರ್‌ನಿಂದ 2025ರ ಫೆಬ್ರುವರಿ ಮೊದಲ ವಾರದವರೆಗೆ ಅದು ಪದೇ ಪದೇ ಕೈಕೊಟ್ಟಿತು. ರಾಜ್ಯದ ತುಂಬ ನೋಂದಣಿ ಕೆಲಸ ಕುಂಟಿತು. ಪರಿಶೀಲಿಸಿದಾಗ ಇದು ಬರೀ ತಾಂತ್ರಿಕ ದೋಷವಲ್ಲ, ‘ಡಿಡಾಸ್’ ದಾಳಿ ಅಂತ ಗೊತ್ತಾಗಿ ಸೈಬರ್ ಕ್ರೈಂ ಪೊಲೀಸರಿಗೆ ದೂರು ಹೋಯಿತು. ಆಗ ಪತ್ರಿಕೆಗಳಲ್ಲಿ ಬಂದ ಅಂಕಿಗಳು ಹೀಗಿವೆ: 62 ಇಮೇಲ್ ಖಾತೆಗಳು, 14 ಐಪಿ ವಿಳಾಸಗಳು, ಎರಡು ಗಂಟೆಯಲ್ಲಿ 6.2 ಲಕ್ಷ ದುರುದ್ದೇಶದ ರಿಕ್ವೆಸ್ಟ್‌ಗಳು.

ಡಿಡಾಸ್‌ನಲ್ಲಿ ಮುಖ್ಯವಾಗಿ ಮೂರು ಜಾತಿ. ಒಂದು, ಲೈನನ್ನೇ ತುಂಬಿಸಿಬಿಡೋದು; ಬ್ಯಾಂಡ್‌ವಿಡ್ತ್ ಖಾಲಿ. ಎರಡು, ಟಿಸಿಪಿ ಹ್ಯಾಂಡ್‌ಶೇಕ್ ಶುರು ಮಾಡಿ ಮುಗಿಸದೇ ಬಿಡೋದು. ಸಿನ್ ಫ್ಲಡ್ ಅಂತೀವಲ್ಲ, ಅದು. ಮೂರು, ಅಪ್ಲಿಕೇಶನ್ ಮಟ್ಟದ್ದು: ನಿಜವಾದ ಬಳಕೆದಾರನ ಹಾಗೆ ಲಾಗಿನ್ ಆಗಿ, ಸರ್ವರ್‌ಗೆ ಅತಿ ಕಷ್ಟದ ಕೆಲಸವನ್ನೇ ಮತ್ತೆ ಮತ್ತೆ ಕೇಳೋದು. ಕಾವೇರಿಯಲ್ಲಿ ಆದದ್ದು ಈ ಮೂರನೆಯದು.

86 ಅಂದರೆ ಜಾಸ್ತಿನಾ?

ಪೆನ್ನು ತಗೊಳ್ಳಿ. ಎರಡು ಗಂಟೆ ಅಂದರೆ 7,200 ಸೆಕೆಂಡು. 6,20,000 ಅನ್ನು 7,200ರಿಂದ ಭಾಗಿಸಿದರೆ ಸೆಕೆಂಡಿಗೆ ಸರಾಸರಿ 86 ರಿಕ್ವೆಸ್ಟ್. ಇಷ್ಟೇನಾ ಅನಿಸುತ್ತೆ ಅಲ್ವಾ? 2023ರಲ್ಲಿ ಎಚ್‌ಟಿಟಿಪಿ 2ರ ‘ರ್‍ಯಾಪಿಡ್ ರೀಸೆಟ್’ ದೋಷ ಬಳಸಿ ಗೂಗಲ್ ಮೇಲೆ ನಡೆದ ದಾಳಿ ಸೆಕೆಂಡಿಗೆ 39.8 ಕೋಟಿ ರಿಕ್ವೆಸ್ಟ್ ಮುಟ್ಟಿತ್ತು. ಅದರ ಮುಂದೆ 86 ಎಲ್ಲಿಯ ಲೆಕ್ಕ? ಒಂದು ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಎಂಜಿನ್‌ಎಕ್ಸ್ ಹಾಕಿ ಬರೀ ಎಚ್‌ಟಿಎಂಎಲ್ ಪುಟ ಕೊಟ್ಟರೆ ಸೆಕೆಂಡಿಗೆ ಸಾವಿರಾರು ರಿಕ್ವೆಸ್ಟ್ ಸಲೀಸಾಗಿ ದಾಟುತ್ತೆ.

ಗುಟ್ಟು ಇರೋದು ಇಲ್ಲೇ. ರಿಕ್ವೆಸ್ಟ್ ಎಷ್ಟು ಬಂತು ಅನ್ನೋದಕ್ಕಿಂತ ಒಂದೊಂದು ರಿಕ್ವೆಸ್ಟ್ ಎಷ್ಟು ಭಾರ ಅನ್ನೋದು ಮುಖ್ಯ. ಇ.ಸಿ. ಹುಡುಕಾಟ ಅಂದರೆ ಒಂದು ಆಸ್ತಿಯ ವರ್ಷಾನುಗಟ್ಟಲೆ ವ್ಯವಹಾರಗಳನ್ನು ಡೇಟಾಬೇಸ್‌ನಲ್ಲಿ ಜಾಲಾಡೋ ಕೆಲಸ.

ಇದನ್ನು ಲೆಕ್ಕ ಹಾಕೋಕೆ ‘ಲಿಟಲ್ ನಿಯಮ’ ಸಾಕು. ಕ್ಯೂ ಥಿಯರಿಯಲ್ಲಿ ಓದಿರ್ತೀರಿ:

ಒಳಗೆ ಇರುವವರ ಸಂಖ್ಯೆ = ಬರುವ ವೇಗ × ಪ್ರತಿಯೊಬ್ಬರೂ ಒಳಗೆ ಕಳೆಯುವ ಸಮಯ

ನಿಮ್ಮದೇ ಪ್ರಾಜೆಕ್ಟ್‌ಗೆ ಸೆಕೆಂಡಿಗೆ 86 ರಿಕ್ವೆಸ್ಟ್ ಬರ್ತಿದೆ ಅಂತ ಇಟ್ಟುಕೊಳ್ಳಿ. ಒಂದೊಂದಕ್ಕೆ 0.05 ಸೆಕೆಂಡು ಸಾಕಾದರೆ, ಯಾವುದೇ ಕ್ಷಣದಲ್ಲಿ ಒಳಗೆ ಇರೋದು ಸುಮಾರು 4. ಒಂದೊಂದಕ್ಕೆ 2 ಸೆಕೆಂಡು ಹಿಡಿದರೆ? 172. ಈಗ ನೋಡಿ: ಪೋಸ್ಟ್‌ಗ್ರೆಸ್‌ನಲ್ಲಿ ನೀವು ಏನೂ ಬದಲಿಸದಿದ್ದರೆ ಗರಿಷ್ಠ ಕನೆಕ್ಷನ್ 100, ಮೈಎಸ್‌ಕ್ಯೂಎಲ್‌ನಲ್ಲಿ 151. ಎರಡೂ ಮುಗಿದುಹೋಯ್ತು. 101ನೆಯವನು ಹೊರಗೆ ನಿಲ್ಲಬೇಕು. ಅವನು ಸುಮ್ಮನೆ ನಿಲ್ಲಲ್ಲ, ರಿಫ್ರೆಶ್ ಒತ್ತುತ್ತಾನೆ. ಆಗ ವೇಗ ಇನ್ನೂ ಏರುತ್ತೆ, ಕ್ವೆರಿ ಇನ್ನೂ ನಿಧಾನ ಆಗುತ್ತೆ. ಸರ್ವರ್ ಮಲಗೋದು ಹೀಗೆ.

ನಾನು ಮಾಡಿದ ತಪ್ಪು

ಇದು ನನಗೆ ಪುಸ್ತಕದಿಂದ ಗೊತ್ತಾಗಿದ್ದಲ್ಲ. ಒಂದು ಫೆಸ್ಟ್‌ಗೆ ವರ್ಕ್‌ಶಾಪ್ ನೋಂದಣಿ ಪುಟ ಮಾಡಿದ್ವಿ. 60 ಸೀಟು, ಮೊದಲು ಬಂದವರಿಗೆ ಆದ್ಯತೆ. ಬಾಡಿಗೆಯ ಸಣ್ಣ ಕ್ಲೌಡ್ ಸರ್ವರ್, 1 ಜಿಬಿ ರ್‍ಯಾಮ್. ಸಂಜೆ 6ಕ್ಕೆ ತೆರೆದ್ವಿ, 6:05ಕ್ಕೆ ಸರ್ವರ್ ಹೋಯ್ತು.

ಲಾಗ್ ತೆಗೆದು ನೋಡಿದೆ. ಮುಕ್ಕಾಲು ಪಾಲು ರಿಕ್ವೆಸ್ಟ್ ಒಂದೇ ಐಪಿಯಿಂದ! “ಯಾರೋ ಅಟ್ಯಾಕ್ ಮಾಡ್ತಿದ್ದಾರೆ” ಅಂತ ಫೈರ್‌ವಾಲ್‌ನಲ್ಲಿ ಆ ಐಪಿ ಬ್ಲಾಕ್ ಮಾಡಿದೆ. ಸರ್ವರ್ ಎದ್ದು ಕೂತಿತು. ನಾನು ಹೀರೋ ಥರ ಚಹಾ ಕುಡಿಯೋಕೆ ಹೋದೆ.

ಅರ್ಧ ಗಂಟೆಗೆ ಹಾಸ್ಟೆಲ್ ಗ್ರೂಪ್‌ನಲ್ಲಿ ಮೆಸೇಜುಗಳ ಸುರಿಮಳೆ: “ಯಾರಿಗೂ ಓಪನ್ ಆಗ್ತಿಲ್ಲ.” ಇಡೀ ಹಾಸ್ಟೆಲ್‌ನ ವೈಫೈ ನ್ಯಾಟ್ ಮೂಲಕ ಒಂದೇ ಪಬ್ಲಿಕ್ ಐಪಿಯಿಂದ ಹೊರಗೆ ಹೋಗುತ್ತೆ. ನಾನು ಬ್ಲಾಕ್ ಮಾಡಿದ್ದು ದಾಳಿಕೋರನನ್ನಲ್ಲ, ಇಡೀ ಹಾಸ್ಟೆಲನ್ನು.

ನಿಜವಾದ ಕಾರಣ ಹಿಡಿದದ್ದು ಹರಿಹರದಿಂದ ದಿನಾ ರೈಲಿನಲ್ಲಿ ಓಡಾಡೋ ನಮ್ಮ ಜೂನಿಯರ್ ಒಬ್ಬಳು. ಲಾಗ್‌ನ ಅದೇ ಸಾಲುಗಳನ್ನು ಅವಳು ಬೇರೆ ಥರ ಓದಿದಳು. “ಅಣ್ಣಾ, ಐಪಿ ಒಂದೇ ಐತಿ, ಆದ್ರೆ ಯೂಸರ್ ಏಜೆಂಟ್ ನೋಡ್ರಿ, ಹತ್ತಾರು ಥರದ ಫೋನ್ ಅದಾವೆ. ಮತ್ತೆ ಎಲ್ಲರೂ ಕೇಳ್ತಿರೋದು ಒಂದೇ ಪಾತ್, ಕರೆಕ್ಟಾಗಿ ಸೆಕೆಂಡಿಗೊಂದು ಸಲ.” ‘ಉಳಿದ ಸೀಟು’ ತೋರಿಸೋಕೆ ನಾವೇ ಬರೆದ ಜಾವಾಸ್ಕ್ರಿಪ್ಟ್ ಪ್ರತಿ ಸೆಕೆಂಡು ಡೇಟಾಬೇಸ್ ಎಣಿಸೋಕೆ ಹೇಳ್ತಿತ್ತು. ತೊಂಬತ್ತು ಜನ ಪುಟ ತೆರೆದಿಟ್ಟರೆ ಸೆಕೆಂಡಿಗೆ ತೊಂಬತ್ತು ಕ್ವೆರಿ. ನಮ್ಮ ಮೇಲೆ ನಾವೇ ದಾಳಿ ಮಾಡಿಕೊಂಡಿದ್ವಿ.

ಬ್ಲಾಕ್ ತೆಗೆಯೋ ಹೊತ್ತಿಗೆ ಮನೆಯಿಂದ ಬರೋ ಹುಡುಗರೇ ಸೀಟು ತುಂಬಿಬಿಟ್ಟಿದ್ದರು. ಹಾಸ್ಟೆಲ್‌ನ ಫಸ್ಟ್ ಇಯರ್ ಹುಡುಗರು “ನಾವೇನ್ ಮಾಡಿದ್ವಿ ಅಣ್ಣಾ?” ಅಂತ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಲಾಗ್ ಓದೋ ಕ್ರಮ

ಆಮೇಲೆ ನಾನು ರೂಢಿ ಮಾಡಿಕೊಂಡ ಕ್ರಮ ಇದು. ಬ್ಲಾಕ್ ಮಾಡೋ ಮುಂಚೆ ಐದು ಪ್ರಶ್ನೆ:

1. ಯಾವ ಪಾತ್‌ಗೆ ಹೆಚ್ಚು ರಿಕ್ವೆಸ್ಟ್? ಐಪಿಗಿಂತ ಮೊದಲು ಇದನ್ನು ನೋಡಿ. ‘ಆಕ್’ನಿಂದ ಆ ಕಾಲಂ ತೆಗೆದು, ‘ಸಾರ್ಟ್’ ಮಾಡಿ, ‘ಯೂನಿಕ್’ನಿಂದ ಎಣಿಸಿದರೆ ಒಂದೇ ಸಾಲಿನ ಕಮಾಂಡ್.

2. ಯಾವ ಐಪಿ, ಯಾವ ಖಾತೆ? ಐಪಿ ಒಂದೇ ಇದ್ದು ಯೂಸರ್ ಏಜೆಂಟ್ ನೂರಾರಿದ್ದರೆ ಅದು ಬಹುಶಃ ಹಾಸ್ಟೆಲ್, ಆಫೀಸು, ಇಲ್ಲವೇ ಮೊಬೈಲ್ ಕಂಪನಿಯ ನ್ಯಾಟ್.

3. ಎಷ್ಟು ಅಂತರಕ್ಕೆ? ಮನುಷ್ಯ ತಡವರಿಸುತ್ತಾನೆ, ಸ್ಕ್ರಿಪ್ಟ್ ತಡವರಿಸಲ್ಲ. ಕಾವೇರಿಯ ಅಂಕಿಯನ್ನೇ ನೋಡಿ: 6.2 ಲಕ್ಷವೂ ಆ 62 ಖಾತೆಗಳಿಂದಲೇ ಬಂತು ಅಂತ ಇಟ್ಟುಕೊಂಡರೆ ಒಂದು ಖಾತೆಗೆ ಸರಾಸರಿ 10,000. ಎರಡು ಗಂಟೆಯಲ್ಲಿ ಹತ್ತು ಸಾವಿರ ಸಲ ಹುಡುಕೋ ಮನುಷ್ಯ ಹುಟ್ಟಿಲ್ಲ.

4. ಸ್ಟೇಟಸ್ ಕೋಡ್ ಏನು? 404ಗಳ ಸಾಲು ಕಂಡರೆ ಯಾರೋ ಬಾಗಿಲು ತಡಕಾಡ್ತಿದ್ದಾರೆ. 502 ಅಂದರೆ ಹಿಂದಿರೋ ಅಪ್ಲಿಕೇಶನ್ ಸತ್ತಿರಬಹುದು. 504 ಅಂದರೆ ಅದು ಬದುಕಿದೆ, ಆದರೆ ಉತ್ತರ ಕೊಡೋಕೆ ಆಗ್ತಿಲ್ಲ, ಡೇಟಾಬೇಸ್ ನೋಡಿ.

5. ಎಷ್ಟು ಹೊತ್ತು ಹಿಡಿಯಿತು? ಎಂಜಿನ್‌ಎಕ್ಸ್‌ನ ಮಾಮೂಲಿ ಲಾಗ್‌ನಲ್ಲಿ ಈ ಕಾಲಂ ಇರಲ್ಲ. ‘ರಿಕ್ವೆಸ್ಟ್ ಟೈಮ್’ ಅನ್ನೋ ವೇರಿಯಬಲ್ಲನ್ನು ಲಾಗ್ ಫಾರ್ಮ್ಯಾಟ್‌ಗೆ ನಾವೇ ಸೇರಿಸಬೇಕು. ಇವತ್ತೇ ಸೇರಿಸಿ. ರಿಕ್ವೆಸ್ಟ್‌ನ ಭಾರ ತೂಗೋ ತಕ್ಕಡಿ ಇದು.

ತಡೆಯೋದು ಹೇಗೆ?

ಮೊದಲು ಭಾರ ಇಳಿಸಿ. ಹುಡುಕುವ ಕಾಲಂಗೆ ಇಂಡೆಕ್ಸ್ ಇದೆಯಾ ನೋಡಿ. ಎಲ್ಲರಿಗೂ ಒಂದೇ ಆಗಿರೋ ಉತ್ತರವನ್ನು ಕ್ಯಾಶ್‌ನಲ್ಲಿಡಿ. ನಮ್ಮ ಸೀಟಿನ ಲೆಕ್ಕವನ್ನು 10 ಸೆಕೆಂಡು ಕ್ಯಾಶ್ ಮಾಡಿದ ಮೇಲೆ ತೊಂಬತ್ತು ಜನ ಬಂದರೂ ಡೇಟಾಬೇಸ್‌ಗೆ 10 ಸೆಕೆಂಡಿಗೆ ಒಂದೇ ಕ್ವೆರಿ.

ಎರಡನೆಯದು, ಪಾಳಿ. ಭದ್ರಾ ನಾಲೆಯ ಕೊನೆ ಭಾಗದ ಕಥೆ ದಾವಣಗೆರೆ, ಹರಿಹರದವರಿಗೆ ಬಿಡಿಸಿ ಹೇಳಬೇಕಿಲ್ಲ. ನಾಲೆ ತುಂಬ ನೀರು ಬಿಟ್ಟರೂ ಮೇಲ್ಭಾಗದಲ್ಲಿ ಅಕ್ರಮ ಪಂಪ್‌ಸೆಟ್ ಹಚ್ಚಿದರೆ ಕೊನೆಯ ಗದ್ದೆಗೆ ಹನಿ ಬರಲ್ಲ. ಅಲ್ಲಿ ಬೇಕಿರೋದು ಇನ್ನಷ್ಟು ನೀರಲ್ಲ, ಪಾಳಿ. ಸರ್ವರ್‌ನಲ್ಲಿ ಇದರ ಹೆಸರು ರೇಟ್ ಲಿಮಿಟ್. ಒಂದು ಖಾತೆಗೆ ಐದು ಟೋಕನ್ ಕೊಡಿ. ಒಂದು ಭಾರದ ಹುಡುಕಾಟಕ್ಕೆ ಒಂದು ಟೋಕನ್ ಖರ್ಚು. 12 ಸೆಕೆಂಡಿಗೆ ಒಂದರಂತೆ ಮತ್ತೆ ತುಂಬುತ್ತೆ. ನಿಜವಾದ ಬಳಕೆದಾರನಿಗೆ ಇದು ಗೊತ್ತೇ ಆಗಲ್ಲ, ಸ್ಕ್ರಿಪ್ಟ್‌ಗೆ ಮಾತ್ರ ಬಾಗಿಲು ಮುಚ್ಚುತ್ತೆ. ಲಿಮಿಟ್ ಅನ್ನು ಐಪಿಗಷ್ಟೇ ಕಟ್ಟಬೇಡಿ, ಖಾತೆಗೂ ಕಟ್ಟಿ. ಇಲ್ಲದಿದ್ದರೆ ಹಾಸ್ಟೆಲ್ ಕಥೆಯೇ ಗತಿ. ಇನ್ನೊಂದು: ಎಂಜಿನ್‌ಎಕ್ಸ್ ಮಿತಿ ಮೀರಿದವರಿಗೆ ತಾನಾಗಿ ಕಳಿಸೋದು 503. ಅದನ್ನು 429ಕ್ಕೆ ಬದಲಿಸಿದರೆ ‘ಸರ್ವರ್ ಕೆಟ್ಟಿದೆ’ ಮತ್ತು ‘ನೀನು ಅತಿ ಮಾಡಿದೆ’ ಎರಡೂ ಲಾಗ್‌ನಲ್ಲಿ ಬೇರೆ ಬೇರೆ ಕಾಣುತ್ತೆ.

ಮೂರನೆಯದು, ಗಡುವು. ಪೋಸ್ಟ್‌ಗ್ರೆಸ್‌ನಲ್ಲಿ ‘ಸ್ಟೇಟ್‌ಮೆಂಟ್ ಟೈಮ್‌ಔಟ್’ ನಾವು ಹಾಕದಿದ್ದರೆ ಇರೋದೇ ಇಲ್ಲ. ಒಂದು ಕೆಟ್ಟ ಕ್ವೆರಿ ಗಂಟೆಗಟ್ಟಲೆ ಕನೆಕ್ಷನ್ ಹಿಡಿದು ಕೂರಬಹುದು. 5 ಸೆಕೆಂಡಿಗೆ ಕತ್ತರಿಸಿ. ಒಬ್ಬನಿಗೆ “ಆಮೇಲೆ ಪ್ರಯತ್ನಿಸಿ” ಅನ್ನೋದು ಎಲ್ಲರನ್ನೂ ಕಾಯಿಸೋದಕ್ಕಿಂತ ಮೇಲು.

ಗಡಿಯಾರ ಮತ್ತು ಕಾನೂನು

ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಕ್ಯಾಂಪಸ್ ಇಂಟರ್‌ವ್ಯೂಗೂ ಉಪಯೋಗ ಆಗುತ್ತೆ, ನೆನಪಿಡಿ. ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಂಡಿರಬೇಕು, ಗಡಿಯಾರಗಳು ಎನ್‌ಟಿಪಿ ಮೂಲಕ ಹೊಂದಿಕೊಂಡಿರಬೇಕು. ಗಡಿಯಾರ ಯಾಕೆ ಅಂತೀರಾ? ವೆಬ್ ಸರ್ವರ್ ಯುಟಿಸಿಯಲ್ಲಿ, ಡೇಟಾಬೇಸ್ ಭಾರತೀಯ ಕಾಲಮಾನದಲ್ಲಿ ಬರೀತಿದ್ದರೆ ಒಂದೇ ಘಟನೆಯ ಎರಡು ಸಾಲುಗಳ ನಡುವೆ ಐದೂವರೆ ಗಂಟೆ. ರಾತ್ರಿ ಎರಡಕ್ಕೆ ಆ ಲೆಕ್ಕ ಮಾಡೋ ಕಷ್ಟ ಯಾರಿಗೂ ಬೇಡ.

ಇನ್ನೊಂದು ಮಾತು, ಕುತೂಹಲ ಜಾಸ್ತಿ ಇರೋರಿಗೆ. ಬೇರೆಯವರ ಸರ್ವರ್ ಮೇಲೆ “ಸುಮ್ನೆ ಟೆಸ್ಟ್ ಮಾಡ್ದೆ” ಅನ್ನೋದು ನಡೆಯಲ್ಲ. ಅರ್ಹ ಬಳಕೆದಾರರಿಗೆ ಸೇವೆ ಸಿಗದಂತೆ ಮಾಡೋದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ನೇ ಕಲಂ ಅಡಿ ಬರುತ್ತೆ. ದುರುದ್ದೇಶದಿಂದ ಮಾಡಿದರೆ 66ನೇ ಕಲಂ ಪ್ರಕಾರ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಈ ವಾರದ ಅಭ್ಯಾಸ

ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಒಂದು ವರ್ಚುವಲ್ ಮಷೀನ್ ಹಾಕಿ. ಎಂಜಿನ್‌ಎಕ್ಸ್, ಅದರ ಹಿಂದೆ ಪೈಥಾನ್‌ನ ಸಣ್ಣ ಅಪ್ಲಿಕೇಶನ್, ಅದರ ಹಿಂದೆ ಪೋಸ್ಟ್‌ಗ್ರೆಸ್. ಬೇಕಂತಲೇ 2 ಸೆಕೆಂಡು ಹಿಡಿಯೋ ಒಂದು ಕ್ವೆರಿ ಬರೆಯಿರಿ. ‘ಅಪಾಚೆ ಬೆಂಚ್’ನಿಂದ 20, 50, 100, 170 ಹೀಗೆ ಏಕಕಾಲದ ರಿಕ್ವೆಸ್ಟ್ ಏರಿಸುತ್ತಾ ಹೋಗಿ, ಎಲ್ಲಿ ಮುರಿಯುತ್ತೆ ಬರೆದಿಟ್ಟುಕೊಳ್ಳಿ. ಆಮೇಲೆ ಇಂಡೆಕ್ಸ್, ಕ್ಯಾಶ್, ರೇಟ್ ಲಿಮಿಟ್, ಟೈಮ್‌ಔಟ್ ಒಂದೊಂದಾಗಿ ಸೇರಿಸಿ ಮತ್ತೆ ಅಳೆಯಿರಿ. ಯಾವುದರಿಂದ ಎಷ್ಟು ಲಾಭ ಆಯ್ತು ಅನ್ನೋ ಪಟ್ಟಿ ನಿಮ್ಮದೇ ಅಂಕಿಗಳಿಂದ ತುಂಬಿರಲಿ.

ನಾಳೆ ನಿಮ್ಮಲ್ಲಿ ಯಾರೋ ಒಬ್ಬರು ಇ.ಸಿ. ಕೊಡುವ, ರೇಷನ್ ಕೊಡುವ, ರಿಸಲ್ಟ್ ಕೊಡುವ ಸರ್ವರ್ ಮುಂದೆ ಕೂತಿರ್ತೀರಿ. ಅವತ್ತು ಐಪಿ ಬ್ಲಾಕ್ ಮಾಡೋ ಮುಂಚೆ ಲಾಗ್ ಇನ್ನೊಮ್ಮೆ ಓದಿ. ಆ ಐಪಿಯ ಹಿಂದೆ ಒಂದು ಹಾಸ್ಟೆಲ್ ಇರಬಹುದು.