ಕಂಠಕ್ಕೆ ಹಚ್ಚು, ಹೊಟ್ಟೆ ಬಿಡು

ತಂಗೀ, ಮೊನ್ನೆ ಸಂಜೆ ನಮ್ಮ ಕಟ್ಟೆಯ ಮೇಲೆ ಎರಡು ಮಣ್ಣಿನ ಕುಂಡ ತಂದಿಟ್ಟು, "ಮುತ್ಯಾ, ಯಾವ ಬಣ್ಣ ಛಲೋ ಕಾಣಸ್ತದ ಹೇಳ್ರಿ" ಎಂದೆ. ನಲವತ್ತು ವರ್ಷ ಅಂಗಡಿ ಬೋರ್ಡು ಬರೆದವನಿಗೆ ಇಂಥದ್ದು ಕೇಳಿದರೆ ಮಾತು ಉದ್ದವಾಗುತ್ತದೆ, ಅದಕ್ಕೇ ಬರೆದು ಕೊಡುತ್ತಿದ್ದೇನೆ. ಬಣ್ಣ ಆಮೇಲೆ. ಮೊದಲು ಕುಂಡದ ಮಾತು.

ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ ನೋಡು. ಚೆನ್ನಾಗಿ ಬೆಂದದ್ದು ಟಣ್ ಎನ್ನುತ್ತದೆ. ಅರೆಬೆಂದದ್ದು, ಸೀಳು ಬಿಟ್ಟದ್ದು ಬೊದ್ ಎನ್ನುತ್ತದೆ. ನಮ್ಮ ಭಾಲ್ಕಿಯ ಕುಂಬಾರ ಗುಂಡಯ್ಯ ಮಡಕೆ ಬಾರಿಸಿದ್ದಕ್ಕೆ ಶಿವನೇ ಕುಣಿದನೆಂದು ಹರಿಹರ ರಗಳೆ ಬರೆದಿದ್ದಾನಲ್ಲ, ಆ ಮಡಕೆ ಅರೆಬೆಂದದ್ದಾಗಿದ್ದರೆ ಶಿವ ಹೆಜ್ಜೆ ಎತ್ತುತ್ತಿದ್ದನೇ? ಮತ್ತೆ, ಐದು ರೂಪಾಯಿಗಾಗಿ ಕುಂಬಾರರ ಹತ್ತಿರ ಜಗ್ಗಾಡಬೇಡ. ಹತ್ತು ಕುಂಡ ತಟ್ಟಿ ಎರಡು ಆರಿಸಲು ಬಿಡುತ್ತಾರೆ, ಅದೇ ದೊಡ್ಡದು.

ನಾನು ಕೆಟ್ಟು ಕಲಿತದ್ದನ್ನು ಹೇಳುತ್ತೇನೆ. ಒಮ್ಮೆ ಒಬ್ಬರ ಅಂಗಳಕ್ಕೆಂದು ಇಪ್ಪತ್ತು ಕುಂಡಗಳಿಗೆ ಆಯಿಲ್ ಪೇಂಟ್ ಬಳಿದುಕೊಟ್ಟೆ. ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಮಳೆಗಾಲ ಮುಗಿಯುವುದರೊಳಗೆ ಹೊಟ್ಟೆಯ ಸುತ್ತ ಗುಳ್ಳೆ ಎದ್ದವು. ಉಗುರು ತಾಗಿಸಿದರೆ ಬಣ್ಣ ಹಪ್ಪಳದಂತೆ ಕೈಗೆ ಬರುತ್ತಿತ್ತು, ಅದರ ಕೆಳಗೆ ಉಪ್ಪಿನಂಥ ಬಿಳಿ ಪುಡಿ. ಮಳೆಯನ್ನು ಬೈದೆ. ಆದರೆ ಕಂಠದ ಬಣ್ಣ ಹಾಗೇ ಇತ್ತು! ಮಳೆ ಕಂಠವನ್ನು ಬಿಟ್ಟು ಹೊಟ್ಟೆಗಷ್ಟೇ ಬೀಳುತ್ತದೆಯೇ?

ಕೆಟ್ಟದ್ದು ಒಳಗಿನಿಂದ. ಬೆಂದ ಮಣ್ಣಿಗೆ ಮೈತುಂಬ ಕಣ್ಣಿಗೆ ಕಾಣದ ರಂಧ್ರ. ಗಿಡಕ್ಕೆ ಹಾಕಿದ ನೀರು ಆ ರಂಧ್ರಗಳಲ್ಲಿ ಹಾದು ಹೊರಮೈಗೆ ಬಂದು ಆರುತ್ತದೆ, ಬರುವಾಗ ಮಣ್ಣಿನ ಲವಣವನ್ನೂ ಕರಗಿಸಿ ತರುತ್ತದೆ. ದಾರಿಗೆ ಬಣ್ಣದ ಪೊರೆ ಅಡ್ಡ ನಿಂತರೆ ಅದನ್ನೇ ನೂಕುತ್ತದೆ. ಗಡಿಗೆಯ ನೀರು ತಣ್ಣಗಾಗುವುದೂ ಹೀಗೆ ಆರುವುದರಿಂದಲೇ. ಬೀದರಿನ ಮೇ ತಿಂಗಳ ಬಿಸಿಲಲ್ಲಿ ಕುಂಡದೊಳಗಿನ ಬೇರಿಗೆ ತಂಪು ಸಿಗುವುದೂ ಹಾಗೆಯೇ. ಮೈಪೂರ್ತಿ ಬಣ್ಣ ಬಳಿದರೆ ಮಣ್ಣಿನ ಕುಂಡ ಹೆಸರಿಗಷ್ಟೇ ಮಣ್ಣಿನದು, ಪ್ಲಾಸ್ಟಿಕ್ಕಿಗೂ ಅದಕ್ಕೂ ಏನು ಫರಕು?

ಅದಕ್ಕೇ ಹೇಳುವುದು, ಕಂಠಕ್ಕೆ ಹಚ್ಚು, ಹೊಟ್ಟೆ ಬಿಡು. ಮಣ್ಣನ್ನು ಬಾಯಿಯಿಂದ ಎರಡು ಬೆರಳು ಕೆಳಗೇ ನಿಲ್ಲಿಸುತ್ತೇವೆ, ಹಾಗಾಗಿ ಕಂಠದ ಪಟ್ಟಿಗೆ ತೇವ ಅಷ್ಟಾಗಿ ತಾಗದು. ನಿನ್ನ ಬಳ್ಳಿ, ಹೂವು, ಅಕ್ರಿಲಿಕ್ ಎಲ್ಲ ಅಲ್ಲಿ. ಹೊಟ್ಟೆಯೂ ಸಿಂಗಾರವಾಗಬೇಕೆಂದರೆ ಸುಣ್ಣ ತೊಗೊ. ತಿಳಿಯಾಗಿ ಕಲಸಿ ಕೆಂಪು ಮಣ್ಣಿನ ಮೇಲೆ ರಂಗೋಲಿಯ ಚುಕ್ಕಿ, ಎಳೆ ಬಿಡಿಸು. ಸುಣ್ಣ ನೀರಿನ ದಾರಿ ಕಟ್ಟುವುದಿಲ್ಲ. ಹಪ್ಪಳದಂತೆ ಏಳದೆ ನಿಧಾನ ಪುಡಿಯಾಗಿ ಸವೆಯುತ್ತದೆ, ಹಬ್ಬಕ್ಕೊಮ್ಮೆ ಮತ್ತೆ ಎಳೆದರಾಯಿತು. ಖರ್ಚು ಇಲ್ಲವೆನ್ನುವಷ್ಟು. ಕಣ್ಣಿಗೆ ಮಾತ್ರ ಸಿಡಿಸಿಕೊಳ್ಳಬೇಡ, ಸುಡುತ್ತದೆ. ಬ್ರಷ್ಷು ಇಲ್ಲವೆಂದು ಕೂಡಬೇಡ, ಚುಕ್ಕಿಗೆ ಕಸಬರಿಗೆ ಕಡ್ಡಿಗಿಂತ ಒಳ್ಳೆಯದು ನನಗಿನ್ನೂ ಸಿಕ್ಕಿಲ್ಲ.

ಬಿಸಿಲಲ್ಲಿಟ್ಟರೂ ಬಣ್ಣ ಮಾಸಬಾರದು ಎಂದೂ ಕೇಳಿದ್ದೆ. ಮಹಮೂದ್ ಗವಾನನ ಮದರಸಾದ ಮುಂದೆ ಒಮ್ಮೆ ನಿಂತು ನೋಡು. 1472ರ ಕಟ್ಟಡ. 1696ರ ಸ್ಫೋಟದಲ್ಲಿ ಮುಂಭಾಗ ಅರ್ಧ ಹೋಯಿತು, ಆದರೆ ಉಳಿದ ಮಿನಾರಿನ ಮೇಲೆ ನೀಲಿ ಹೆಂಚಿನ ತುಣುಕುಗಳು ಈಗಲೂ ಮಿಂಚುತ್ತವೆ. ಅದು ಬೆಂಕಿಯಲ್ಲಿ ಕರಗಿ ಮಣ್ಣಿಗೆ ಕಚ್ಚಿಕೊಂಡ ಗಾಜು, ನಮ್ಮ ಡಬ್ಬಿಯ ಬಣ್ಣಕ್ಕೆ ಆ ಆಯುಷ್ಯ ಎಲ್ಲಿಂದ? ಅಷ್ಟೂರಿನಲ್ಲಿ ಸುಲ್ತಾನ ಅಹಮದ್ ಶಾ ವಲಿಯ ಗೋರಿಯ ಗುಮ್ಮಟದ ಒಳಗಿನ ಚಿತ್ರಗಳೋ, ಬರೀ ಬಳಿದ ಬಣ್ಣವೇ. ಆತ ತೀರಿದ್ದು 1436ರಲ್ಲಿ. ಆ ಬಣ್ಣ ಇಷ್ಟಾದರೂ ಉಳಿದದ್ದು ನೆರಳಿನ ಪುಣ್ಯ. ನಿನ್ನ ಕುಂಡಗಳನ್ನೂ ಪಡಸಾಲೆಯಲ್ಲಿಡು.

ಕಪ್ಪು ಕುಂಡದ ಮೇಲೆ ಬೆಳ್ಳಿ ಬಣ್ಣದ ಎಳೆ ಬಿಡಿಸಿ ಬಿದರಿಯ ಹಾಗೆ ಮಾಡುವ ಆಸೆ ನಿನಗೆ. ಮಾಡು, ಚಂದ ಕಾಣುತ್ತದೆ. ಆದರೆ ಚೀಟಿಯಲ್ಲಿ ಬಿದರಿ ಎಂದು ಬರೆದು ಮಾರಬೇಡ. ಸತು-ತಾಮ್ರ ಎರಕ ಹೊಯ್ದು, ಮೈ ಕೆತ್ತಿ, ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಮಾಡುವವರ ಮಕ್ಕಳು ಇದೇ ಊರಲ್ಲಿ ನಿನ್ನ ಜೊತೆ ಓದುತ್ತಾರೆ. 2006ರಿಂದ ಆ ಹೆಸರಿಗೆ ಭೌಗೋಳಿಕ ಗುರುತಿನ ರಕ್ಷಣೆಯೂ ಇದೆ.

ನೀನು ಬಿಟ್ಟುಹೋದ ಎರಡನ್ನೂ ರಾತ್ರಿಯಿಡೀ ಬಕೆಟ್ಟಿನಲ್ಲಿ ಮುಳುಗಿಸಿಟ್ಟಿದ್ದೆ, ಗುಳುಗುಳು ಎಂದು ಗುಳ್ಳೆ ಬಿಟ್ಟು ಧೂಳೆಲ್ಲ ಹೋಯಿತು. ಈಗ ಮಾಳಿಗೆಯ ಮೇಲೆ ಬೋರಲು ಹಾಕಿದ್ದೇನೆ. ಬೆಳಗ್ಗೆ ಒಂದನ್ನು ಕೆನ್ನೆಗೆ ಒತ್ತಿ ನೋಡಿದೆ, ಇನ್ನೂ ತಣ್ಣಗಿದೆ. ನಾಡಿದ್ದು ಬಾ. ಬರುವಾಗ ಕಸಬರಿಗೆ ಕಡ್ಡಿ ತಾ, ನಮ್ಮಲ್ಲಿಯದನ್ನು ಮುಟ್ಟಿದರೆ ನಿಮ್ಮ ಆಯಿ ಸುಮ್ಮನಿರುವುದಿಲ್ಲ.