ಊರಿನಿಂದ ಕೆಲಸ: ಸಂಬಳದ ತೆರಿಗೆ ಯಾವ ದೇಶಕ್ಕೆ?

"ಅಮ್ಮನ ಮಂಡಿ ಆಪರೇಷನ್ ಇದೆ. ಎರಡು ತಿಂಗಳು ಶಿವಮೊಗ್ಗದಿಂದಲೇ ಕೆಲಸ ಮಾಡ್ತೀನಿ. ಸಂಬಳ ಲಂಡನ್ ಖಾತೆಗೇ ಬರೋದು, ಭಾರತದಲ್ಲಿ ತೆರಿಗೆ ಇಲ್ಲ ಅಲ್ವಾ?" ಗೆಳೆಯರು ನನ್ನನ್ನು ಆಗಾಗ ಕೇಳುವ ಪ್ರಶ್ನೆ ಇದು.

ಹಣ ಯಾವ ಖಾತೆಗೆ ಬೀಳುತ್ತದೆ ಎನ್ನುವುದಕ್ಕಿಂತ, ಎಲ್ಲಿ ಕೂತು ದುಡಿದಿರಿ ಎನ್ನುವುದು ಮುಖ್ಯ. ಭಾರತದಲ್ಲಿದ್ದು ಮಾಡಿದ ಕೆಲಸದ ಸಂಬಳ, ನೀವು ಎನ್‌ಆರ್‌ಐ ಆಗಿದ್ದರೂ, ಭಾರತದ ಆದಾಯವೇ. ವರ್ಷಕ್ಕೆ 72,000 ಪೌಂಡ್ ಸಂಬಳವಿದ್ದರೆ, ಆ ಎರಡು ತಿಂಗಳ ಪಾಲು 12,000 ಪೌಂಡ್.

ಹಾಗೆಂದು ಗಾಬರಿ ಬೇಡ. ಅಮೆರಿಕ, ಬ್ರಿಟನ್, ಯುಎಇ ಜೊತೆ ಭಾರತಕ್ಕೆ ಎರಡು ಸಲ ತೆರಿಗೆ ಬೀಳದಂತೆ ಒಪ್ಪಂದಗಳಿವೆ. ಸ್ಥೂಲವಾಗಿ ಹೇಳುವುದಾದರೆ ಮೂರು ಷರತ್ತುಗಳಿಗೆ ಹೊಂದಿದರೆ ವಿನಾಯಿತಿ ಸಿಗುತ್ತದೆ:

1. ಆ ವರ್ಷ ಭಾರತದಲ್ಲಿ ಇದ್ದದ್ದು 183 ದಿನ ಮೀರಿರಬಾರದು.
2. ಸಂಬಳ ಕೊಡುವ ಕಂಪನಿ ಭಾರತದ್ದಾಗಿರಬಾರದು.
3. ಆ ಖರ್ಚು ಕಂಪನಿಯ ಭಾರತದ ಶಾಖೆಯ ಲೆಕ್ಕಕ್ಕೆ ಹೋಗಿರಬಾರದು.

ಬೆಂಗಳೂರಿನಲ್ಲೂ ಕಚೇರಿ ಇರುವ ಕಂಪನಿಯಾದರೆ ಮೂರನೆಯದನ್ನು ಕೇಳಿ ತಿಳಿದುಕೊಳ್ಳಿ. ವಿನಾಯಿತಿ ಕೇಳಲು ನೀವಿರುವ ದೇಶದ ತೆರಿಗೆ ನಿವಾಸಿ ಪ್ರಮಾಣಪತ್ರ (ಟಿಆರ್‌ಸಿ) ಬೇಕು. ದುಬೈನಲ್ಲಿರುವವರು ಇದನ್ನು ಇನ್ನಷ್ಟು ಗಮನಿಸಬೇಕು. ಒಪ್ಪಂದದ ಪ್ರಕಾರ ಯುಎಇ ನಿವಾಸಿ ಎನಿಸಿಕೊಳ್ಳಲು ಆ ಕ್ಯಾಲೆಂಡರ್ ವರ್ಷದಲ್ಲಿ ಕನಿಷ್ಠ 183 ದಿನ ಅಲ್ಲಿರಬೇಕು. ವಿನಾಯಿತಿ ತಪ್ಪಿದರೆ, ಅಲ್ಲಿ ಸಂಬಳಕ್ಕೆ ತೆರಿಗೆಯೇ ಇಲ್ಲದ ಕಾರಣ ಭಾರತದ ತೆರಿಗೆಯನ್ನು ಅಲ್ಲಿ ಹೊಂದಿಸಿಕೊಳ್ಳುವ ದಾರಿಯೂ ಇಲ್ಲ.

ಇನ್ನು ಎನ್‌ಆರ್‌ಐ ಸ್ಥಾನಮಾನದ ಲೆಕ್ಕ ಬೇರೆ. ಊರಿಗೆ ಬಂದುಹೋಗುವ ಭಾರತೀಯ ಪ್ರಜೆಗೆ ಮಿತಿ 182 ದಿನ. ಆದರೆ ಬಾಡಿಗೆ, ಬಡ್ಡಿ, ಷೇರು ಲಾಭ ಎಲ್ಲ ಸೇರಿ ಭಾರತದ ಆದಾಯ 15 ಲಕ್ಷ ರೂಪಾಯಿ ದಾಟಿದ್ದು, ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಭಾರತದಲ್ಲಿ ಇದ್ದವರಾದರೆ, 120 ದಿನಕ್ಕೇ ಸ್ಥಾನಮಾನ ಬದಲಾಗುತ್ತದೆ. ವರ್ಷ ಎಂದರೆ ಏಪ್ರಿಲ್‌ನಿಂದ ಮಾರ್ಚ್. ಅಕ್ಟೋಬರ್‌ನಲ್ಲಿ ದಸರೆಗೆಂದು 25 ದಿನ ಇದ್ದು, ಮತ್ತೆ ಜನವರಿ 1ರಿಂದ ಮಾರ್ಚ್ 31ರವರೆಗೆ 90 ದಿನ ಇದ್ದರೆ, ಒಂದೇ ವರ್ಷದಲ್ಲಿ 115 ಆಯಿತು. ಮದುವೆಗೆಂದು ಇನ್ನೊಂದು ವಾರ ಬಂದಿದ್ದರೆ ಗಡಿ ದಾಟಿದಂತೆಯೇ.

ಟಿಕೆಟ್ ಬುಕ್ ಮಾಡುವ ಮುನ್ನ ಮೂರು ಕೆಲಸ ಮುಗಿಸಿ. ಕಂಪನಿಯಿಂದ ಲಿಖಿತ ಅನುಮತಿ ಪಡೆಯಿರಿ. ನಿಮ್ಮ ಕೆಲಸದಿಂದ ಕಂಪನಿಗೂ ಭಾರತದಲ್ಲಿ ತೆರಿಗೆ ತಗಲುವ ಸಾಧ್ಯತೆಯಿದೆ. ಬಂದ ದಿನ, ಹೊರಟ ದಿನ ಎರಡನ್ನೂ ಎಣಿಸಿ ಒಂದು ಪಟ್ಟಿ ಇಟ್ಟುಕೊಳ್ಳಿ. ಆ ಪಟ್ಟಿಯನ್ನು ಎರಡೂ ದೇಶದ ತೆರಿಗೆ ಬಲ್ಲ ಸಿಎ ಒಬ್ಬರಿಗೆ ತೋರಿಸಿ. ಆಗ ಅಮ್ಮನ ಜೊತೆ ಕಳೆಯುವ ಎರಡು ತಿಂಗಳಲ್ಲಿ ಈ ಚಿಂತೆ ಇರುವುದಿಲ್ಲ.